ಭಾವನ ಓಣಿ ಪರೀಕ್ಷೆ

ಅಮೆರಿಕದಲ್ಲಿ ಮನೆ ಕೊಳ್ಳುವವರು ಏನೇನು ನೋಡುತ್ತಾರೆ? ಸ್ಕೂಲ್ ಚೆನ್ನಾಗಿದೆಯೇ ಎಂದು ನೋಡುತ್ತಾರೆ. ಬಡ್ಡಿ ಎಷ್ಟು, ಟ್ಯಾಕ್ಸ್ ಎಷ್ಟು, ಬೇಸ್‌ಮೆಂಟಿನಲ್ಲಿ ನೀರು ಜಿನುಗುತ್ತದೆಯೇ ಎಂದು ನೋಡುತ್ತಾರೆ. ನಮ್ಮವರಾದರೆ ಬಾಗಿಲು ಪೂರ್ವಕ್ಕಿದೆಯೇ ಎಂದು ಫೋನಿನ ದಿಕ್ಸೂಚಿ ಹಿಡಿದು ಏಜೆಂಟನ ಮುಂದೆ ಗಿರಗಿರ ತಿರುಗುತ್ತಾರೆ. ನಮ್ಮ ಭಾವ ಇದ್ಯಾವುದನ್ನೂ ನೋಡುವ ಪೈಕಿಯಲ್ಲ. ಅವರು ನೋಡುವುದು ಒಂದೇ ಒಂದು: ಸ್ಟೀಲ್ ಲೋಟಕ್ಕೆ ಸುರಿದ ಚಹಾ ಆರುವುದರೊಳಗೆ ಏನಾಗುತ್ತದೆ!

ನಗಬೇಡಿ. ನಾನೂ ಮೊದಲು ನಕ್ಕವಳೇ. ಆಮೇಲೆ ಈ ಮಹಾಶಯರನ್ನು, ಅವರ ಲೋಟವನ್ನು, ಅವರ ಮಡಚುವ ಕುರ್ಚಿಯನ್ನು ಕಾರಿಗೆ ತುಂಬಿಕೊಂಡು ಅಟ್ಲಾಂಟಾದಿಂದ ವಾಷಿಂಗ್ಟನ್ನಿನವರೆಗೆ ಡ್ರೈವ್ ಮಾಡಿದವಳೂ ನಾನೇ. ಆ ಪುಣ್ಯ ಶತ್ರುವಿಗೂ ಬೇಡ.

ಭಾವ ಅಂದರೆ ನನ್ನ ಅಕ್ಕನ ಗಂಡ. ಧಾರವಾಡದವರು. ಸೇತುವೆ ಇಂಜಿನಿಯರ್. ಅಕ್ಕನೂ ನಾನೂ ಮೈಸೂರಿನವರು. ಮದುವೆಯಾಗಿ ಮೂರು ದಶಕ ಕಳೆದರೂ ಅವಳು ಅವರ ಕಟಕ್ ರೊಟ್ಟಿಗೆ ಒಗ್ಗಲಿಲ್ಲ, ಅವರು ಅವಳ ಸಿಹಿ ಸಾರಿಗೆ ಒಗ್ಗಲಿಲ್ಲ. ಕೆಲಸ ಕರೆದಲ್ಲಿಗೆಲ್ಲ ಗಂಟುಮೂಟೆ ಕಟ್ಟಿದ ಜೋಡಿ ಅದು. ಊರಿನವರ ಹೊಳೆಗೆಲ್ಲ ಸೇತುವೆ ಕಟ್ಟಿದ ಮನುಷ್ಯ ಹೆಂಡತಿಗೊಂದು ಹೊಸಿಲು ಕೊಡಿಸಲಿಲ್ಲ ನೋಡಿ! ಕೊನೆಗೆ ಬಂದು ನಿಂತದ್ದು ಅಟ್ಲಾಂಟಾದ ಹೊರವಲಯದ ಡುಲುತ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಮಕ್ಕಳಿಲ್ಲ. ಎದುರು ಬಾಗಿಲಿನವರ ಹೆಸರೂ ಗೊತ್ತಿಲ್ಲ.

ಅಕ್ಕನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ. ನೆಲದ ಮೇಲೆ ಒಂದು ಸ್ವಂತ ಬಾಗಿಲು. "ಬಾಗಿಲು ತೆಗೆದ್ರೆ ಕಾಲು ಮಣ್ಣಿಗೆ ಸಿಗಬೇಕು ಕಣೇ. ಯಾರನ್ನೂ ಕೇಳ್ದೆ ನಾಲ್ಕು ಹೆಜ್ಜೆ ಹೋಗಿ ಬರ್ಬೇಕು" ಎನ್ನುತ್ತಿದ್ದಳು. ಯಾರನ್ನೂ ಕೇಳದೆ ಎನ್ನುವುದಕ್ಕೆ ಕಾರಣವಿದೆ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಸಲಿಲ್ಲವೆಂದಲ್ಲ. ಭಾವ ಕಲಿಸಿದರು, ಅದೇ ತಪ್ಪಾಗಿದ್ದು! ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕೂರಿಸಿಕೊಂಡು ಬ್ರೇಕ್ ಯಾವುದು ಎಂದು ಹೇಳುವ ಮೊದಲು ಘರ್ಷಣೆಯ ನಿಯಮ ಹೇಳಿದರು. ಅವಳು ಘರ್ಷಣೆಯನ್ನು ಪ್ರಯೋಗ ಮಾಡಿ ತೋರಿಸಿದಳು. ಅಂಗಡಿಯ ತಳ್ಳುಗಾಡಿಗಳ ಸಾಲೊಂದು ಮಲಗಿತು. ಅವತ್ತು ಸ್ಟೀರಿಂಗ್ ಬಿಟ್ಟವಳು ಮತ್ತೆ ಮುಟ್ಟಲಿಲ್ಲ.

ಹೀಗಿರುವಾಗ ಕೋವಿಡ್ ಕಾಲದಲ್ಲಿ ಭಾವನಿಗೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಬಂದವರು ಸೋಫಾದ ಮೇಲೆ ಕೂತು ಮೊದಲು ಆಡಿದ ಮಾತು, "ಮನೀ ತಗೊಳ್ಳೂಣು." ಅಕ್ಕ ನನಗೆ ಫೋನ್ ಮಾಡಿ ಅತ್ತಳು, ಖುಷಿಗೋ ಭಯಕ್ಕೋ ಅವಳಿಗೇ ಗೊತ್ತಿಲ್ಲ. ಎದೆಗೆ ಸ್ಟೆಂಟ್ ಹಾಕುವಾಗ ಕೈತಪ್ಪಿ ತಲೆಗೇನಾದರೂ ಹಾಕಿದರೇ ಎಂದು ನಾನು ಕೇಳಿದೆ.

ಲಸಿಕೆ ಹಾಕಿಸಿಕೊಂಡು ಜನ ಆಗಷ್ಟೇ ಹೊರಗೆ ಕಾಲಿಡುತ್ತಿದ್ದರು. ಭಾವ ಸದ್ಯಕ್ಕೆ ಕಾರು ಓಡಿಸಬಾರದು ಅಂತ ಡಾಕ್ಟರ್ ಹೇಳಿದ್ದರು. ಇನ್ನು ಸಾರಥಿ ಯಾರು? ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಗಂಡ, ಮಗಳು, ಲ್ಯಾಬಿನ ಕೆಲಸ ಅಂತ ಹಾಯಾಗಿದ್ದ ನಾನು! ರಜೆ ಹಾಕಿ ವಿಮಾನ ಹತ್ತಿ ಹೋದೆ. ಅಟ್ಲಾಂಟಾದಿಂದ ಶುರು ಮಾಡಿ, ದಾರಿಯುದ್ದಕ್ಕೂ ಊರು ನೋಡುತ್ತಾ, ಕೊನೆಗೆ ನಮ್ಮ ಮನೆಗೆ ಬರುವುದು ಎಂದು ತೀರ್ಮಾನವಾಯಿತು. ಅವರ ಕಾರಿನ ಡಿಕ್ಕಿ ತೆಗೆದರೆ ಅದರಲ್ಲಿ ಒಂದು ಮಡಚುವ ಕುರ್ಚಿ, ಒಂದು ಫ್ಲಾಸ್ಕು, ಒಂದು ಸ್ಟೀಲ್ ಲೋಟ, ಒಂದು ಡಬ್ಬಿ ಅವಲಕ್ಕಿ ಚೂಡಾ.

"ಪಿಕ್‌ನಿಕ್ಕಾ ಭಾವ?"

"ಪರೀಕ್ಷಾ ಅದ ತಂಗಿ. ನಮ್ಮ ಓಣ್ಯಾಗ ಸಂಜೀಮುಂದ ಯಾರರೆ ಕಟ್ಟೀಮ್ಯಾಲೆ ಸುಮ್ನ ಕುಂತ್ರ, ಹಾದು ಹೋಗಾಂವ ನಿಂತು ಕೇಳತಿದ್ದಾ, 'ಯಾಕ, ಒಬ್ಬನ ಯಾಕ ಕುಂತಿ? ಏನರೆ ತಿಂದೇನು?' ಅಂತ. ಹಂಗ ಕೇಳೋ ಮಂದಿ ಇದ್ರ ಅದು ಓಣಿ. ಇಲ್ಲಾಂದ್ರ ಬರೇ ಪಾರ್ಕಿಂಗ್ ಲಾಟು."

ನಿಯಮ ಸರಳ. ಸಂಜೆ ಹೊತ್ತು ಬೀದಿಯ ಪಕ್ಕ ಕುರ್ಚಿ ಹಾಕಿ, ಲೋಟಕ್ಕೆ ಚಹಾ ಸುರಿದು ಭಾವ ಒಬ್ಬರೇ ಕೂರುವುದು, ನಾವಿಬ್ಬರೂ ಸ್ವಲ್ಪ ದೂರದಲ್ಲಿ ಕಾಯುವುದು. ಚಹಾ ಆರುವುದರೊಳಗೆ ಯಾರಾದರೂ ನಿಂತು ಆ ಪ್ರಶ್ನೆ ಕೇಳಿದರೆ ಊರು ಪಾಸು. ಆರಿದರೆ ಫೇಲು. ಆರಿತೋ ಇಲ್ಲವೋ ಎಂದು ಲೋಟ ಮುಟ್ಟಿ ಹೇಳುವ ತೀರ್ಪುಗಾರಳು ಅಕ್ಕ. ಲಕ್ಷಾಂತರ ಡಾಲರಿನ ವ್ಯವಹಾರಕ್ಕೆ ಇದು ಮಾನದಂಡ! ತಲೆ ಚಚ್ಚಿಕೊಳ್ಳಲು ನನಗೆ ಕೈ ಬಿಡುವಿರಲಿಲ್ಲ, ಸ್ಟೀರಿಂಗ್ ಹಿಡಿದಿದ್ದೆ.

ಮೊದಲು ಅಟ್ಲಾಂಟಾ ಪೇಟೆಯೊಳಗೆ. ಅಲ್ಲಿ ಹೋಗುವುದೇ ಒಂದು ಸಾಹಸ. ಕಂಡ ಕಂಡ ರಸ್ತೆಗೆಲ್ಲ ಪೀಚ್‌ಟ್ರೀ ಎಂದೇ ಹೆಸರು. ಪೀಚ್‌ಟ್ರೀ ಸ್ಟ್ರೀಟು, ಪೀಚ್‌ಟ್ರೀ ರೋಡು, ಪೂರ್ವದ ಪೀಚ್‌ಟ್ರೀ, ಪಶ್ಚಿಮದ ಪೀಚ್‌ಟ್ರೀ! ಒಂದಾದರೂ ಪೀಚ್ ಗಿಡ ಕಂಡಿತೇ? ಊಹೂಂ. ಸುತ್ತಿ ಸುತ್ತಿ, ಜನ ನಡೆದಾಡುತ್ತಾರೆಂದು ಹೆಸರಾದ ಒಂದು ಕಡೆಗೆ ತಲುಪಿದೆವು. ಹಳೆಯ ರೈಲು ದಾರಿಯನ್ನು ಕಾಲುದಾರಿ ಮಾಡಿದ್ದಾರೆ, ಪಕ್ಕದಲ್ಲಿ ಗಗನಕ್ಕೇರಿದ ಬಾಡಿಗೆಯ ಮನೆಗಳು. ಆದರೆ ಅಲ್ಲಿ ನಡೆಯುವವರು ಯಾರು? ಎಲ್ಲರೂ ಓಡುವವರೇ. ಕಿವಿಗೆ ಬಿರಡೆ, ಮೈಗೆ ಬಣ್ಣದ ಬಿಗಿ ಬಟ್ಟೆ, ಮುಖದಲ್ಲಿ ಮನೆಗೆ ಬೆಂಕಿ ಬಿದ್ದಷ್ಟು ಗಾಬರಿ. ಭಾವ ಕುರ್ಚಿ ಹಾಕಿ ಲೋಟವನ್ನು ಕೈಚಾಚಿ ಹಿಡಿದಿದ್ದೇ ತಡ, ಓಡಿ ಬಂದ ಒಬ್ಬ ಧಾಂಡಿಗ ಇದು ಓಟಗಾರರಿಗೆ ನೀರು ಕೊಡುವ ಜಾಗವೆಂದುಕೊಂಡು ಲೋಟ ಕಸಿದು ಒಂದೇ ಗುಟುಕಿಗೆ ಎತ್ತಿದ! ನಾಲಿಗೆ ಸುಟ್ಟುಕೊಂಡು, ಲೋಟ ವಾಪಸ್ ಕೊಟ್ಟು, ಥ್ಯಾಂಕ್ಯೂ ಎಂದು ಕಿರುಚುತ್ತಾ ಓಡಿದ.

ಅಕ್ಕ ಖಾಲಿ ಲೋಟ ಮುಟ್ಟಿ ನೋಡಿದಳು. "ಆರೋದಿರ್ಲಿ, ಚಹಾನೇ ಇಲ್ವಲ್ರೀ!"

ಮಾರನೆಯ ದಿನ ಅವರದೇ ಊರು ಡುಲುತ್. ಅಲ್ಲಿನ ಬಡಾವಣೆಗಳಿಗೆ ಹೆಸರು ಇಟ್ಟವರನ್ನು ಹಿಡಿದು ಕೇಳಬೇಕು. ತೊರೆ ಎಂದು ಹೆಸರು, ತೊರೆ ಇಲ್ಲ. ಜಿಂಕೆ ಎಂದು ಹೆಸರು, ಜಿಂಕೆಯ ಕಾಡು ಕಡಿದೇ ಮನೆ ಕಟ್ಟಿದ್ದು. ಬೀದಿಯಲ್ಲಿ ನರಪಿಳ್ಳೆ ಇಲ್ಲದ್ದು ಕಂಡು ಭಾವ ಒಂದು ದೊಡ್ಡ ಕೊರಿಯನ್ ಅಂಗಡಿಯ ಮುಂದೆ ಕುರ್ಚಿ ಹಾಕಿದರು. ಪಕ್ಕದ ಬೆಂಚಿನಲ್ಲಿದ್ದ ಕೊರಿಯನ್ ಅಜ್ಜ ಹತ್ತಿರ ಸರಿದ. ಭಾವ ಚೂಡಾ ಕೊಟ್ಟರು. ಅಜ್ಜ ಜೇಬಿನಿಂದ ಏನೋ ಕಡಲಪಾಚಿಯ ಹಾಳೆ ತೆಗೆದು ಕೊಟ್ಟ. ಅವನು ಕೊರಿಯನ್ನಿನಲ್ಲಿ, ಇವರು ಧಾರವಾಡದ ಗಂಡು ಕನ್ನಡದಲ್ಲಿ, ಆಹಾ, ಏನು ಹರಟೆ! ಮಂಡಿನೋವಿನ ವಿಷಯ ಎಂದು ಕೈಸನ್ನೆಯಿಂದ ನನಗೂ ತಿಳಿಯಿತು. ಚಹಾ ಬಿಸಿಯಾಗಿತ್ತು. ಅಕ್ಕನ ಮುಖ ಅರಳಿತ್ತು. ಅಷ್ಟರಲ್ಲಿ ಅಜ್ಜನ ಮಗ ಸಾಮಾನಿನ ಚೀಲಗಳೊಂದಿಗೆ ಬಂದು, ಅಪ್ಪನನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಅವರ ಮನೆ ಎಲ್ಲೋ ದೂರದ ಊರಿನಲ್ಲಂತೆ, ವಾರಕ್ಕೊಮ್ಮೆ ತರಕಾರಿಗೆ ಬರುವುದಂತೆ.

"ಫೇಲ್" ಎಂದರು ಭಾವ. "ಪಾಪ, ಅಂವನೂ ನನ್ಹಂಗ ಓಣಿ ಹುಡುಕ್ಕೋತ ಬಂದಾಂವ."

ಅಲ್ಲಿಂದ ಹೆದ್ದಾರಿ ಹಿಡಿದು ಸೌತ್ ಕೆರೊಲಿನಾದ ಗ್ರೀನ್‌ವಿಲ್. ದಕ್ಷಿಣದವರ ಮಾತು ಬೆಲ್ಲ, ನಡೆ ಬೆಣ್ಣೆ ಅಂತ ಎಲ್ಲರೂ ಹೊಗಳುತ್ತಾರಲ್ಲ, ಸರಿ ಎಂದು ಹೋದೆವು. ಜಗುಲಿಗಳೇನೋ ಇವೆ. ಜಗುಲಿಗಳಲ್ಲಿ ತೂಗುಕುರ್ಚಿಗಳಿವೆ. ಅವುಗಳಲ್ಲಿ ಮನುಷ್ಯರಿಲ್ಲ, ಗಾಳಿಗೆ ತಮ್ಮಷ್ಟಕ್ಕೆ ತಾವೇ ತೂಗುತ್ತವೆ. ಆದರೆ ಹಾದು ಹೋದ ಪ್ರತಿಯೊಬ್ಬರೂ "ಹೌ ಆರ್ ಯು" ಎಂದರು! ಭಾವನಿಗೆ ಸ್ವರ್ಗ ಸಿಕ್ಕಂತಾಯಿತು. ಅಮೆರಿಕಕ್ಕೆ ಬಂದು ಅಷ್ಟು ವರ್ಷವಾದರೂ ಆ ಪ್ರಶ್ನೆಗೆ ಉತ್ತರ ಹೇಳಬಾರದು ಎಂದು ಕಲಿಯದ ಏಕೈಕ ಮನುಷ್ಯ ಇವರು. ಒಬ್ಬ ಹೆಂಗಸು ಕೇಳಿದ್ದೇ ತಡ, ಎದೆ ಮುಟ್ಟಿಕೊಂಡು ಸ್ಟೆಂಟಿನ ಕಥೆ ಶುರು ಮಾಡಿದರು. ಆಂಬುಲೆನ್ಸ್ ಬರುವ ಭಾಗಕ್ಕೆ ಬರುವಷ್ಟರಲ್ಲಿ ಆಕೆ ಬೀದಿಯ ಕೊನೆಯ ತಿರುವಿನಲ್ಲಿದ್ದಳು. ಹಿಂದಿನಿಂದ ಬಂದವನೂ ಹೌ ಆರ್ ಯು ಎಂದ. ಭಾವ ಕಥೆಯನ್ನು ಮೊದಲಿನಿಂದ ಹೇಳಲು ಹೊರಟರು, ಅವನೂ ಮಾಯ!

"ಇವ್ರು ಕೇಳೂದೂ ಅಂಗೀಗೆ ಗುಂಡಿ ಹಾಕ್ಕೊಂಡ್ಹಂಗ, ಬರೇ ರೂಢಿ" ಎಂದು ಭಾವ ಮುಖ ಸಿಂಡರಿಸಿದರು. ನನಗೆ ಒಳಗೊಳಗೇ ಖುಷಿ. ಇನ್ನಾದರೂ ಹುಚ್ಚು ಬಿಟ್ಟೀತು ಎಂದುಕೊಂಡೆ.

ಬಿಡುವುದೆಲ್ಲಿಂದ! ಷಾರ್ಲಟ್ಟಿಗೆ ಹೋದೆವು. ಹಳೆಯ ಗಿರಣಿಗಳನ್ನು ಬಿಯರ್ ಕುಡಿಯುವ ಜಾಗ ಮಾಡಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಪೇರಿಸಿದಂತೆ ಮನೆಗಳನ್ನು ಎಬ್ಬಿಸಿ, ಇದೇ ಬದುಕು ಎನ್ನುವ ಊರು ಅದು. ಅಲ್ಲಿ ಮನುಷ್ಯರಿಗಿಂತ ನಾಯಿಗಳು ಹೆಚ್ಚು. ನಾಯಿಗೆ ಬಿಸ್ಕತ್ತಿನ ಅಂಗಡಿ, ನಾಯಿಗೆ ಸ್ನಾನದ ಅಂಗಡಿ, ನಾಯಿಗೆ ಹುಟ್ಟುಹಬ್ಬ! ಭಾವ ಕೂತ ಸ್ವಲ್ಪ ಹೊತ್ತಿಗೇ ಒಂದು ಬಿಳಿ ನಾಯಿ ಬಂದು, ಅವರ ಕಾಲು ಮೂಸಿ, ಮುಖ ನೋಡಿ, ಚೂಡಾ ಡಬ್ಬಿಗೆ ಬಾಯಿ ಹಾಕಿತು. ಯಜಮಾನಿ ನಾಯಿಗೆ ಸಾರಿ ಹೇಳಲು ಕಲಿಸಿದಳು. ಭಾವನನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

"ಏನ್ ಭಾವ, ಇದು ಲೆಕ್ಕಕ್ಕೆ ಬರುತ್ತಾ?"

"ನಾಯಿ ಪಾಸ್ ಆತವಾ. ಊರು ಫೇಲ್."

ಇನ್ನು ನಾರ್ತ್ ಕೆರೊಲಿನಾದ ಕೇರಿ ಎಂಬ ಊರು. ಅಯ್ಯೋ, ಅದು ನಮ್ಮವರ ಕಾಶಿ! ಕಂದುಬಣ್ಣದ ಮನೆಗಳ ಸಾಲು ಹೇಗಿದೆ ಎಂದರೆ, ಸಂಜೆ ದಣಿದು ಬಂದ ಗಂಡ ಪಕ್ಕದ ಮನೆಗೆ ನುಗ್ಗಿದರೂ ಊಟ ಮುಗಿಯುವವರೆಗೆ ಗೊತ್ತಾಗಲಿಕ್ಕಿಲ್ಲ. ಅಲ್ಲೂ ಅದೇ ಸಾಂಬಾರು. ಇಲ್ಲಿ ಖಂಡಿತ ಪಾಸು ಎಂದು ಅಕ್ಕ ಹಣೆಗೆ ಹೊಸ ಬೊಟ್ಟಿಟ್ಟು ಬಂದಿದ್ದಳು. ಕುರ್ಚಿ ಹಾಕಿದೆವು. ಒಂದು ದೊಡ್ಡ ಕಾರು ನಿಂತಿತು. ಕಿಟಕಿ ಮೂರು ಬೆರಳಿನಷ್ಟು ಇಳಿಯಿತು. ಒಳಗಿನಿಂದ ಶುದ್ಧ ಬೆಂಗಳೂರು ಕನ್ನಡ!

"ಅಂಕಲ್, ಕಾರ್ ಬ್ರೇಕ್‌ಡೌನ್ ಆಯ್ತಾ?"

"ಇಲ್ಲವಾ, ಸುಮ್ನ ಕುಂತೇನಿ."

"ಸುಮ್ನೆ ಅಂದ್ರೆ? ಯಾರಿಗಾದ್ರೂ ವೇಯ್ಟ್ ಮಾಡ್ತಿದೀರಾ?"

"ನಿಮಗ ವೇಯ್ಟ್ ಮಾಡಾಕತ್ತಿದ್ದೆ ಅನ್ರಿ. ಬರ್ರಿ, ಚಾ ಕುಡೀರಿ."

ಕಿಟಕಿ ಗಕ್ಕನೆ ಮೇಲೇರಿತು. ಸ್ವಲ್ಪ ಹೊತ್ತಿಗೆ ಪೊಲೀಸ್ ಕಾರು ಬಂತು! ಅನುಮಾನಾಸ್ಪದ ಮುದುಕ, ಕೈಯಲ್ಲಿ ಲೋಹದ ವಸ್ತು ಎಂದು ಯಾರೋ ಬಡಾವಣೆಯ ಆ್ಯಪಿನಲ್ಲಿ ಫೋಟೋ ಹಾಕಿದ್ದರಂತೆ. ಪೊಲೀಸಿನವನು ಒಳ್ಳೆಯ ಹುಡುಗ, ಇಳಿದು ಬಂದು "ಸರ್, ಆರಾಮಾಗಿದ್ದೀರಾ? ಒಬ್ಬರೇ ಇದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಭಾವ ಉಬ್ಬಿಹೋದರು. "ಕೇಳಿದಾ! ಕೇಳಿದಾ! ಲೋಟ ಮುಟ್ಟು!" ಎಂದು ಅಕ್ಕನ ಕಡೆ ತಿರುಗಿದರು.

"ರೀ, ಪೊಲೀಸ್ನೋರು ಮಾತಾಡ್ಸಿದ್ದನ್ನೆಲ್ಲ ಲೆಕ್ಕಕ್ಕೆ ಹಿಡೀಬೇಡಿ. ಏಳಿ ಮೇಲೆ!" ಎಂದ ಅಕ್ಕ ಅವರನ್ನು ಎಬ್ಬಿಸಿ ಕುರ್ಚಿ ಮಡಚಿದಳು. ಕಾರು ವರ್ಜೀನಿಯಾ ದಾಟುವವರೆಗೆ ಅವಳು ಫ್ಲಾಸ್ಕನ್ನು ಭಾವನ ಕೈಗೆ ಕೊಡಲಿಲ್ಲ.

ವಾಷಿಂಗ್ಟನ್ನಿನ ಹಳೆಯ ಇಟ್ಟಿಗೆ ಮನೆಗಳ ಬೀದಿ ನೋಡಿದಾಗ ಮಾತ್ರ ಅವಳು ಕಿಟಕಿಗೆ ಮುಖ ಒತ್ತಿದಳು. ಒಂದಕ್ಕೊಂದು ಅಂಟಿದ ಮನೆಗಳು, ಬಾಗಿಲ ಮುಂದೆಯೇ ಮೆಟ್ಟಿಲು, ಮೂಲೆಯಲ್ಲಿ ಅಂಗಡಿ, ನಡೆದು ಹೋದರೆ ರೈಲು. "ಇಲ್ಲಿ ಇರಬಹುದು ಕಣೇ" ಎಂದಳು ಮೆಲ್ಲಗೆ. ಬೆಲೆ ಕೇಳಬೇಡಿ. ಕೇಳಿದರೆ ಸ್ಟೆಂಟ್ ಇಲ್ಲದವರಿಗೂ ಒಂದು ಬೇಕಾದೀತು. ಕುರ್ಚಿ ಹಾಕಿದ್ದೇ ಸೂಟಿನ ಮನುಷ್ಯನೊಬ್ಬ ನಿಂತ, ಕೈಕುಲುಕಿದ, "ನೀವು ಏನು ಕೆಲಸ ಮಾಡುತ್ತೀರಿ?" ಎಂದ. ಇನ್ನೊಬ್ಬಳು ನಿಂತಳು, ಅವಳದೂ ಅದೇ ಪ್ರಶ್ನೆ. ಮೂರನೆಯವನಿಗೆ ಭಾವ ರೇಗಿ, "ಐ ಸಿಟ್" ಎಂದರು. ಅವನು ಗಂಭೀರವಾಗಿ ತಲೆದೂಗಿದ. ಯಾವುದೋ ದೊಡ್ಡ ಸಮಿತಿಯಲ್ಲಿ ಕೂರುವವರು ಎಂದುಕೊಂಡನೋ ಏನೋ, ಕಾರ್ಡ್ ಕೊಟ್ಟು ಹೋದ! ಅಕ್ಕ ಲೋಟ ಮುಟ್ಟದೆಯೇ ಎದ್ದಳು. ಅವಳಿಗೇ ಗೊತ್ತಿತ್ತು.

ಭಾನುವಾರ ಅಲ್ಲೇ ಹತ್ತಿರದ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಕೇಳುವವರಿಗೇನು ಬರ! ಯಾವೂರು, ಯಾರ ಪೈಕಿ, ಪ್ರಸಾದ ಆಯ್ತಾ ಎಂದು ಮುತ್ತಿಕೊಂಡರು. ನಾನು ಗೆದ್ದೆ ಎಂಬಂತೆ ಭಾವನನ್ನು ನೋಡಿದೆ. ಅವರು ಪುಳಿಯೋಗರೆ ಮುಗಿಸಿ ಪಾರ್ಕಿಂಗ್ ಲಾಟಿನತ್ತ ಕೈ ತೋರಿಸಿದರು. ಕಾರುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. "ಎಲ್ಲಾರೂ ಕೇಳ್ತಾರ, ಎಲ್ಲಾರೂ ಕಾರ್ ಹತ್ತಿ ಹೋಗ್ತಾರ. ಕಡೀಕ ದೇವರೊಬ್ಬಾಂವ ಉಳೀತಾನ."

ಹೀಗೆ ಜರ್ಮನ್‌ಟೌನಿನ ನಮ್ಮ ಮನೆ ಸೇರಿದೆವು. ಹೆದ್ದಾರಿಯ ಪಕ್ಕ, ಲ್ಯಾಬುಗಳ ನಡುವೆ, ಒಂದೇ ಅಚ್ಚಿನ ಟೌನ್‌ಹೌಸುಗಳು. ನಮ್ಮ ಊರನ್ನು ನಾನೇ ಹೊಗಳಲಾರೆ. ಆದರೆ ಬೇರೆಯವರು ತೆಗಳಿದರೆ ಬಿಟ್ಟೇನೇ? "ಇದು ಊರಲ್ಲ ತಂಗಿ, ಊರಿಗೆ ಹೋಗೋ ದಾರಿ" ಎಂದರು ಭಾವ, ಕಾರಿನಿಂದ ಇಳಿಯುವ ಮೊದಲೇ. ನಮ್ಮ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕಿತ್ತು, ಬೋರ್ಡು ನೋಡಿಯೂ ನೋಡದಂತೆ ಒಳಗೆ ಬಂದರು.

ಊಟಕ್ಕೆ ಕೂತಾಗ ಅಕ್ಕ ತಟ್ಟೆ ಮುಂದೆ ತಳ್ಳಿದಳು. "ನಂಗೆ ಯಾವ ಮನೇನೂ ಬೇಡ. ವಾಪಸ್ ಹೋಗೋಣ. ಆ ಮೂರನೇ ಮಹಡೀಲೇ ಇರ್ತೀನಿ. ನಂಗೆ ಮನೆ ಕೊಡ್ಸೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ, ಹೀಗೆ ಊರೂರಲ್ಲಿ ಮಾನ ಕಳೀಬೇಡಿ."

ನಾನೂ ಬಿಡಲಿಲ್ಲ. "ಭಾವ, ಧಾರವಾಡದ ಓಣಿ ಅಮೆರಿಕದಲ್ಲಿ ಸಿಗಲ್ಲ. ಸಿಗಲ್ಲ ಅಂತ ಗೊತ್ತಿದ್ದೇ ಹುಡುಕ್ತಿದ್ದೀರಿ. ಇದು ಮನೆ ತಗೊಳ್ಳದೇ ಇರೋಕೆ ನೆಪ, ಅಷ್ಟೇ!" ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ಅನ್ನ ಕಲಸುವುದು ನಿಲ್ಲಿಸಿ, ಅಕ್ಕ ತಳ್ಳಿದ ತಟ್ಟೆಯನ್ನು ಮತ್ತೆ ಅವಳ ಹತ್ತಿರಕ್ಕೆ ಸರಿಸಿದರು.

ಮಾರನೆಯ ಸಂಜೆ. ನಾನು ಸಿಂಕಿನ ಮುಂದೆ ಪಾತ್ರೆ ತಿಕ್ಕುತ್ತಿದ್ದೆ. ಕಿಟಕಿಯಾಚೆ, ಬೀದಿಯ ಮೇಲ್‌ಬಾಕ್ಸುಗಳ ಪಕ್ಕದಲ್ಲಿ, ಆ ಹಾಳು ಕುರ್ಚಿ! ಶುರುವಾಯಿತು ಶನಿಕಾಟ ಎಂದುಕೊಂಡು ಕಣ್ಣು ಕಿರಿದು ಮಾಡಿ ನೋಡಿದರೆ, ಕೂತದ್ದು ಭಾವ ಅಲ್ಲ. ಅಕ್ಕ. ಒಬ್ಬಳೇ. ಶಾಲು ಹೊದ್ದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಳೆದುಹೋದವಳಂತೆ ರಸ್ತೆ ನೋಡುತ್ತಿದ್ದಾಳೆ. ಭಾವನಿಗೇನಾದರೂ ಆಯಿತೇ? ಇಬ್ಬರೂ ಜಗಳವಾಡಿದರೇ? ನಲ್ಲಿ ನಿಲ್ಲಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಕೈತುಂಬ ಸೋಪಿನ ನೊರೆಯಲ್ಲೇ ಓಡಿದೆ.

"ಅಕ್ಕಾ, ಯಾಕೇ? ಒಬ್ಳೇ ಯಾಕೆ ಕೂತಿದ್ದೀಯಾ? ಏನಾದ್ರೂ ತಿಂದ್ಯಾ?"

"ನಂಗೇನ್ ಗೊತ್ತು? ಇವತ್ತು ನೀನು ಕೂತ್ಕೋ ಅಂದ್ರು, ಕೂತೆ" ಎಂದಳು ಅವಳು.

ಎದುರಿಗೆ ನಿಲ್ಲಿಸಿದ್ದ ನಮ್ಮ ಕಾರಿನ ಬಾಗಿಲು ತೆರೆಯಿತು. ಭಾವ ಇಳಿದು ಬಂದರು.

"ಇಷ್ಟ ದಿವಸ ನಾ ಕುಂತಿದ್ದ ತಪ್ಪು ತಂಗಿ. ಪರೀಕ್ಷಾ ನಂದಲ್ಲ, ಅಕೀದು" ಎಂದರು. "ನನ್ನ ಆಂಬುಲೆನ್ಸಿನ್ಯಾಗ ಹಾಕಿದಾಗ ಕೋವಿಡ್ ಅಂತ ಅಕೀನ್ನ ಜೋಡಿ ಬಿಡಲಿಲ್ಲ. ಬಾಗಲಾ ಹಾಕೋಮುಂದ ನೋಡಿದೆ. ಅಪಾರ್ಟ್‌ಮೆಂಟಿನ ಮೆಟ್ಟಲಮ್ಯಾಲೆ ಕುಂತಿದ್ಲು. ಮಂದಿ ಬಾಜೂಕ ಸರದು ಇಳದು ಹೋದ್ರು. ಒಬ್ರೂ ಕೇಳಲಿಲ್ಲ, ಒಬ್ಬಾಕಿನ ಯಾಕ ಕುಂತಿ ಅಂತ. ಎದಿನೋವು ಮರತ ಹೋತು ನನಗ. ನಾಳೆ ನಾ ಖರೇನ ಹೋದ್ರ ಇಕಿ ಎಲ್ಲಿ ಕೂಡಬೇಕು? ಅದಕ್ಕ ಹುಡುಕಿದೆ."

ಬೀದಿಯಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಹೆದ್ದಾರಿಯ ಸದ್ದು. ಅಕ್ಕ ತಲೆ ತಗ್ಗಿಸಿ ಶಾಲಿನ ತುದಿ ಹಿಂಡುತ್ತಿದ್ದಳು. ನನಗೆ ಅಳು ಬಂತು, ಅದನ್ನು ಮುಚ್ಚಲು ಜೋರು ಮಾಡಿದೆ. "ಒಡಹುಟ್ಟಿದ ತಂಗಿ ಬಂದು ಕೇಳಿದ್ರೆ ಅದನ್ನ ಪಾಸ್ ಅಂತಾರಾ ಭಾವ? ಇದು ಮೋಸ!"

"ಯಾರು ಕೇಳಬೇಕಂತ ನಾ ಯಾವಾಗರೆ ಹೇಳೇನೇನು? ಕೇಳಬೇಕು, ಅಷ್ಟ" ಎಂದರು ಅವರು. "ಆ ಬೋರ್ಡ್ ಹಾಕಿದ ಮನಿಯವರಿಗೆ ಫೋನ್ ಹಚ್ಚು. ಅದಕ್ಕೂ ಮೊದಲ ತೀರ್ಪು ಆಗಲಿ."

ಅಕ್ಕ ಅಭ್ಯಾಸದಂತೆ ಲೋಟ ಮುಟ್ಟಲು ಹೋದವಳು ತಡೆದು, ಅದನ್ನು ನನ್ನ ಮುಂದೆ ಹಿಡಿದಳು. "ನೀನೇ ನೋಡಿ ಹೇಳು."

ಮುಟ್ಟಿದೆ. ನೊರೆ ಮೆತ್ತಿದ ಬೆರಳಿಗೂ ಚುರುಕ್ ಎಂದಿತು.

"ಬಿಸಿ ಇದೆ" ಎಂದೆ.